ಕಾಕಾನ ಗುಳಿಗೆ ಡಬ್ಬಿ

ಡಾಕ್ಟರಿಕೆ ಓದದೆ, ಕಾಂಪೌಂಡರೂ ಆಗದೆ, ಬರೀ ಬಣ್ಣ ನೋಡಿ ಆ್ಯಂಟಿಬಯಾಟಿಕ್ ಕೊಡುವ ತಜ್ಞ ಇಡೀ ಅಣ್ಣಿಗೇರಿಯಲ್ಲಿ ಒಬ್ಬನೇ, ನಮ್ಮ ಕಾಕಾ! ನಾಡಿ ಹಿಡಿಯುವುದಿಲ್ಲ, ನಾಲಿಗೆ ನೋಡುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದನೆಂದರೆ ಅರ್ಧ ಚಿಕಿತ್ಸೆ ಮುಗಿದಂತೆಯೇ.

ಡಬ್ಬಿ ತುಂಬಿದ್ದು ಹೇಗೆ ಅಂತೀರಾ? ಡಾಕ್ಟರು ಎಷ್ಟು ದಿನಕ್ಕೆ ಬರೆದುಕೊಟ್ಟರೂ ಜ್ವರ ಇಳಿದ ಕೂಡಲೇ ಕಾಕಾ ಗುಳಿಗೆ ನಿಲ್ಲಿಸುತ್ತಾನೆ. ರೊಟ್ಟಿಯನ್ನೇ ಕಡಕ್ ಮಾಡಿ ಕೂಡಿಡುವ ಮನೆಯಲ್ಲಿ ಗುಳಿಗೆ ಚೆಲ್ಲುವುದುಂಟೆ? ಜಾಗ ಸಾಲದೆಂದು ಬೆಳ್ಳಿ ಕಾಗದ ಕಿತ್ತು ಬಿಡಿಬಿಡಿಯಾಗಿ ಸುರಿದಿಡುತ್ತಾನೆ.

ಕೆಂಪು-ಹಳದಿ ಗಂಟಲಿಗೆ, ಬಿಳಿಯದು ಹೊಟ್ಟೆಗೆ, ನೀಲಿಯದು ಎಲ್ಲಿಗೆಂದು ತಿಳಿಯದ ಬೇನೆಗೆ! ಬಾಜು ಮನೆಯ ಟೇಲರ್ ಚಾಚಾ ನೆಗಡಿಯೆಂದು ಸೀನಿದ್ದೇ ತಡ, ಅಂಗೈಗೊಂದು ಕ್ಯಾಪ್ಸೂಲ್ ಬಿತ್ತು. ನೆಗಡಿಗೆ ಇದು ಬೇಡವೇ ಬೇಡ ಎಂದು ನಾನು ಎಷ್ಟು ಬಡಕೊಂಡರೂ ಕೇಳುವವರ‍್ಯಾರು? ನೆಗಡಿ ತಾನಾಗಿಯೇ ಹೋಯಿತು. ಚಾಚಾ ಅಂಗಡಿಗೆ ಬಂದವರೆದುರೆಲ್ಲ ಕಾಕಾನ ಕೈಗುಣ ಹೊಗಳಿದ, ನಮ್ಮ ಕಟ್ಟೆಯ ಮೇಲೆ ಜನ ಪಾಳಿ ಹಚ್ಚಿದರು. ಆ ಕ್ಯಾಪ್ಸೂಲು ಚಾಚಾನ ಕಿಸೆಯಲ್ಲೇ ಉಳಿದಿತ್ತೆಂದು ಗೊತ್ತಾದದ್ದು ಅಂಗಿ ಒಗೆದಾಗ!

ಹೋದ ವರ್ಷ ಕಾಕಿಗೆ ಉರಿಮೂತ್ರ, ಬೆನ್ನುನೋವು, ಗಡಗಡ ನಡುಗಿಸುವ ಜ್ವರ. ಕಾಕಾ ತಾನೇ ಗುಳಿಗೆ ಆರಿಸಿ, ನೀರು ತಂದು ಎರಡು ದಿನ ನುಂಗಿಸಿದ. ಜ್ವರ ಏರಿ ಕಾಕಿ ಏನೇನೋ ಬಡಬಡಿಸತೊಡಗಿದಾಗ ಹುಬ್ಬಳ್ಳಿಯ ಆಸ್ಪತ್ರೆಗೆ ಓಡಿದೆವು.

ಸೋಂಕು ಕಿಡ್ನಿಗೆ ಏರಿದೆ ಎಂದರು ಡಾಕ್ಟರ್‌ಬಾಯಿ. ಯಾವ ಔಷಧ ತಾಗುತ್ತದೆಂಬ ಮೂತ್ರದ ರಿಪೋರ್ಟು ಬರಲು ಕೆಲ ದಿನ ಬೇಕು. ಅಲ್ಲಿಯವರೆಗೆ ಕಾದರೆ ಜೀವಕ್ಕೇ ಅಪಾಯ. ನುಂಗಿದ ಗುಳಿಗೆ ಯಾವುದೆಂದು ಗೊತ್ತಾದರೆ ಅದನ್ನು ಬಿಟ್ಟು ಬೇರೆ ಇಂಜೆಕ್ಷನ್ ಈಗಲೇ ಶುರು ಮಾಡಬಹುದು ಎಂದು ವಿವರಿಸಿದರು.

“ಯಾವ ಗುಳಿಗಿ ಕೊಟ್ಟೀರಿ?”

ಕಾಕಾ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. “ನೀಲಿದ್ರೀ…”

ಡಬ್ಬಿಯಲ್ಲಿ ನೀಲಿಯವೇ ಮೂರು ಜಾತಿ ಇದ್ದವು, ಹೆಸರಿದ್ದ ಬೆಳ್ಳಿ ಕಾಗದ ಒಂದಕ್ಕೂ ಇರಲಿಲ್ಲ. ಊರಿಗೆಲ್ಲ ಔಷಧ ಹೇಳಿದ ಕಾಕಾ ಅಲ್ಲಿ ತಲೆ ತಗ್ಗಿಸಿ ನಿಂತ. ನನಗೆ ಸಿಟ್ಟೂ ಬಂತು, ಪಾಪವೂ ಅನಿಸಿತು.

ಡಾಕ್ಟರ್‌ಬಾಯಿ ಅಂದಾಜಿನ ಮೇಲೆ ಒಂದು ಇಂಜೆಕ್ಷನ್ ಶುರು ಮಾಡಿದರು, ರಿಪೋರ್ಟು ಬಂದ ಮೇಲೆ ಬೇರೆಯದಕ್ಕೆ ಬದಲಿಸಿದರು. ದೇವರು ದೊಡ್ಡವನು, ಕಾಕಿ ಕಣ್ಣು ಬಿಟ್ಟು ಚಹಾ ಕೇಳಿದಳು. ಆಗ ಡಾಕ್ಟರ್‌ಬಾಯಿ ಅವಳನ್ನೂ ಬೈದರು, ಹೆಸರು ಗೊತ್ತಿಲ್ಲದ್ದನ್ನು ನೀವಾದರೂ ಯಾಕೆ ನುಂಗಿದಿರಿ ಎಂದು.

ಕಾಕಿ ಮೆಲ್ಲಗೆ ಹೇಳಿದಳು: “ಮದುವಿ ಆದಾಗಿಂದ ಅವರು ನನಗ ಒಂದು ವಾಟಗ ನೀರು ತಂದು ಕೊಟ್ಟವರಲ್ರಿ. ಅವತ್ತ ತಂದು ಬಾಜುಕ ಕುಂತ್ರು. ಬ್ಯಾಡ ಅನ್ನಾಕ ಮನಸ್ಸ ಆಗಲಿಲ್ರಿ.”

ಕಾಕಾ ಎದ್ದು ಒಂದು ವಾಟಗ ನೀರು ತಂದ. ಡಾಕ್ಟರ್‌ಬಾಯಿ ಬರೆದ ಗುಳಿಗೆಯ ಹೆಸರನ್ನು ನನ್ನಿಂದ ಓದಿಸಿ, ಹೆಂಡತಿಯ ತಲೆ ಎತ್ತಿ ಹಿಡಿದು ನೀರು ಕುಡಿಸಿದ. ರೂಢಿಯಿಲ್ಲದ ಕೈ, ಅರ್ಧ ನೀರು ಸೆರಗಿನ ಮೇಲೆಯೇ ಚೆಲ್ಲಿತು, ಕಾಕಿ ಅದನ್ನು ಒರೆಸಿಕೊಳ್ಳಲೇ ಇಲ್ಲ.