ಹೋದ ಸರಕು ಇದಲ್ಲ

ಉಪಾಧ್ಯರ ಹೊಸ ಯಂತ್ರದ ರಿಬ್ಬನನ್ನು ಜಸಿಂತಾಬಾಯಿಯೇ ಕತ್ತರಿಸಬೇಕೆಂದು ಉಪಾಧ್ಯರು ಹಠ ಹಿಡಿದರು. ಯಂತ್ರ ನಿಂತದ್ದು ಜಸಿಂತಾಬಾಯಿಯ ಗೋದಾಮಿನ ಬಾಗಿಲಿಗೆ. ಗೋದಾಮಿಗೆ ಇದ್ದದ್ದು ಅದೊಂದೇ ಬಾಗಿಲು. ಹಾಗಾಗಿ ಕತ್ತರಿಸದೆ ಅವರಿಗೂ ಗತಿಯಿರಲಿಲ್ಲ.

ಜಸಿಂತಾಬಾಯಿ ಮಂಗಳೂರಿನ ಬಂದರ್ ಪೇಟೆಯಲ್ಲಿ ಕಸ್ಟಮ್ಸ್ ಏಜೆಂಟರು. ಹೊರದೇಶಕ್ಕೆ ಹೋಗುವ, ಹೊರದೇಶದಿಂದ ಬರುವ ಸಾಮಾನಿನ ಕಾಗದಪತ್ರ ಮಾಡಿ, ಅಧಿಕಾರಿಗಳ ಎದುರು ಪೆಟ್ಟಿಗೆ ಬಿಚ್ಚಿ ತೋರಿಸಿ, ಸುಂಕವಿದ್ದರೆ ಕಟ್ಟಿಸಿ ಬಿಡಿಸಿಕೊಡುವುದು ಅವರ ಕೆಲಸ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸಿಕೊಂಡು ಬಂದಿದ್ದರು. ಉಪಾಧ್ಯರು ಆ ಕಟ್ಟಡದ ಮಾಲೀಕರು, ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾಗಿ ಮಹಡಿಯ ಮೇಲೆ ಇದ್ದರು. ಬಾಡಿಗೆ ಏರಿಸುವ ಮಾತನ್ನೇ ಅವರು ಎತ್ತಿದವರಲ್ಲ. ಬದಲಿಗೆ ಆಗಾಗ ಒಂದು ಯಂತ್ರ ಮಾಡುತ್ತಿದ್ದರು. ಹಿಂದಿನ ಸಲ ಮೀನಿನ ಹುರುಪೆ ತೆಗೆಯುವ ಫ್ಯಾನು ಮಾಡಿ ಇಡೀ ಬೀದಿಯವರ ತಲೆಗೆ ಹುರುಪೆ ಮೆತ್ತಿಸಿದ್ದರು. ಬಾಡಿಗೆ ಏರಿಸಿದ್ದರೇ ಸಸ್ತಾ ಆಗುತ್ತಿತ್ತು ಎಂದು ಜಸಿಂತಾಬಾಯಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಹೊಸ ಯಂತ್ರ ಎಂದರೆ ಬಾಗಿಲ ಎಡಬಲಕ್ಕೆ ಎರಡು ಕಬ್ಬಿಣದ ಕಂಬ, ಮೇಲೊಂದು ಅಡ್ಡಪಟ್ಟಿ. ವೈಕುಂಠದ ಬಾಗಿಲು ಕಾಯುವವರ ನೆನಪಿಗೆ ಉಪಾಧ್ಯರು ಅದಕ್ಕೆ ಜಯವಿಜಯ ಎಂದು ಹೆಸರಿಟ್ಟಿದ್ದರು. ಕಂಬದ ತುಂಬ ಕಣ್ಣು, ಕಿವಿ, ಮೂಗು. ನಡುವೆ ಹಾದುಹೋದ ಯಾವುದೇ ವಸ್ತುವಿನ ತೂಕ, ಬಣ್ಣ, ವಾಸನೆ, ದನಿ ಎಲ್ಲವನ್ನೂ ಅದು ನೆನಪಿಟ್ಟುಕೊಳ್ಳುತ್ತದೆ. ಅದೇ ವಸ್ತು ತಿರುಗಿ ಬಂದಾಗ ಹೋಲಿಸಿ ನೋಡುತ್ತದೆ. ಹೋಲದಿದ್ದರೆ ಗೋದಾಮಿನ ಕಬ್ಬಿಣದ ಶಟರು ದಡಾರನೆ ಇಳಿಯುತ್ತದೆ. ಅದರ ಮೋಟಾರನ್ನು ಹಳೆಯ ಕ್ರೇನೊಂದರಿಂದ ಬಿಚ್ಚಿ ತಂದದ್ದು ಎಂದು ಉಪಾಧ್ಯರು ಮೀಸೆ ತಿರುವಿದರು.

ಅಂಥದ್ದೊಂದು ಯಂತ್ರ ಬೇಕೆಂದು ಯಾರು ಕೇಳಿದ್ದರು ಅಂದರೆ, ಯಾರೂ ಇಲ್ಲ. ಒಂದು ದಿನ ಚಹಾ ಕುಡಿಯುವಾಗ ಜಸಿಂತಾಬಾಯಿ ಸುಮ್ಮನೆ ತಮ್ಮ ಕೆಲಸದ ಕಷ್ಟ ಹೇಳಿಕೊಂಡಿದ್ದರು, ಅಷ್ಟೆ. ಇಲ್ಲಿಂದ ಹೊರದೇಶಕ್ಕೆ ಹೋದ ಸಾಮಾನು ತಿರುಗಿ ಬಂದರೆ, ಹೋದದ್ದೇ ಬಂದಿದೆ ಎಂದು ತೋರಿಸಬೇಕು. ತೋರಿಸಿದರೆ ಸುಂಕವಿಲ್ಲ. ಅಲ್ಲಿ ಏನಾದರೂ ರಿಪೇರಿ ಆಗಿ ಬಂದಿದ್ದರೆ ಅದನ್ನು ಹೇಳಬೇಕು, ರಿಪೇರಿಯ ಬೆಲೆಯನ್ನೂ ಹೇಳಬೇಕು. ಗುರುತು ಹಿಡಿಯುವುದೇ ದೊಡ್ಡ ತಲೆನೋವು ಎಂದಿದ್ದರು. ಉಪಾಧ್ಯರು ಚಹಾ ಅರ್ಧಕ್ಕೆ ಬಿಟ್ಟು ಮಹಡಿ ಹತ್ತಿದ್ದರು.

ಮೊದಲ ಗಿರಾಕಿ ಬೊನಿಫಾಸ್ ಮಾಸ್ಟ್ರು. ಊರಿನ ಅರ್ಧ ಜನರ ಮದುವೆಗೆ ಬ್ಯಾಂಡು ಬಾರಿಸಿದವರು. ಮಸ್ಕತ್ತಿನ ಮಂಗಳೂರಿಗರು ತಮ್ಮ ಹಬ್ಬಕ್ಕೆ ಅವರ ತಂಡವನ್ನು ಕರೆಸಿಕೊಂಡಿದ್ದರು. ಟ್ರಂಪೆಟ್ಟು, ಕ್ಲಾರಿನೆಟ್ಟು, ದೊಡ್ಡ ಡ್ರಮ್ಮು ಎಲ್ಲ ವಿಮಾನದಲ್ಲಿ ಹೋಗಿ ಬರಬೇಕಿತ್ತು. ಮರಳಿ ಬಂದ ದಿನವೇ ಸಂಜೆ ಮಾಸ್ಟ್ರ ಒಬ್ಬಳೇ ಮಗಳು ರೆನಿಟಾಳ ಮದುವೆ. ಇಗರ್ಜಿಯ ಬಾಗಿಲಲ್ಲಿ ಮದುಮಕ್ಕಳನ್ನು ಅಪ್ಪನ ಬ್ಯಾಂಡೇ ಎದುರುಗೊಳ್ಳಬೇಕೆಂದು ಅವಳು ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದಳು. ದಿನ ಮುಂದೆ ಹಾಕಿ ಎಂದು ಜಸಿಂತಾಬಾಯಿ ಮಾಸ್ಟ್ರಿಗೆ ಹೇಳಿ ನೋಡಿದರು. ಪಾದ್ರಿಗಳು ಸಿಕ್ಕಿದರೆ ಹಾಲ್ ಸಿಗುವುದಿಲ್ಲ, ಹಾಲ್ ಸಿಕ್ಕಿದರೆ ಅಡುಗೆಯವರು ಸಿಗುವುದಿಲ್ಲ ಎಂದು ಮಾಸ್ಟ್ರು ಕೈಚೆಲ್ಲಿದರು.

ಹೊರಡುವ ದಿನ ತಂಡದವರು ಒಬ್ಬೊಬ್ಬರಾಗಿ ಜಯವಿಜಯರ ನಡುವೆ ನಿಂತು ಬಾರಿಸಿದರು, ಕೊನೆಗೆ ಎಲ್ಲರೂ ಸೇರಿ ಒಂದು ಮಾರ್ಚ್ ಬಾರಿಸಿದರು. ಯಂತ್ರ ಎಲ್ಲವನ್ನೂ ಕೇಳಿಸಿಕೊಂಡು, ರೇಡಿಯೋ ವಾರ್ತೆಯ ಹಾಗೆ ಗಂಭೀರವಾಗಿ, "ದಾಖಲಾಯಿತು" ಎಂದಿತು. ಉಪಾಧ್ಯರ ಕಣ್ಣಲ್ಲಿ ನೀರು ಬಂತು.

ತಂಡ ಮಸ್ಕತ್ತಿಗೆ ಹೋಯಿತು. ಯಂತ್ರ ಮಾತ್ರ ಇಲ್ಲೇ ಉಳಿಯಿತು, ಅದೇ ಫಜೀತಿ.

ಬಾಗಿಲು ದಾಟಿದವರೆಲ್ಲ ಅದರ ಪಾಲಿಗೆ ಸರಕು. ಉಪಾಧ್ಯರು ಬೆಳಿಗ್ಗೆ ಹೊರಟು ಕ್ಷೌರ ಮಾಡಿಸಿಕೊಂಡು ಬಂದರು. "ಹೋದ ಸರಕು ಇದಲ್ಲ" ಎಂದು ಶಟರು ಇಳಿಯಿತು. ಕೂದಲು ಅಷ್ಟಿಷ್ಟು ಬೆಳೆಯುವ ತನಕ ಅವರು ತಮ್ಮದೇ ಯಂತ್ರದ ಹೊರಗೆ ನಿಂತು ಸಲಹೆ ಕೊಡಬೇಕಾಯಿತು. ಜಸಿಂತಾಬಾಯಿಯ ಚೀಲ ಖಾಲಿ ಹೋಗಿ ಬಂಗುಡೆ ಮೀನು ತುಂಬಿಕೊಂಡು ಬಂದಾಗ, ಬಂಗುಡೆ ಎಲ್ಲಿ ಹುಟ್ಟಿದ್ದು, ಯಾವ ದೇಶದ ನೀರಿನದ್ದು ಎಂದು ವಿಚಾರಣೆ ನಡೆಯಿತು. ಸಮುದ್ರದ್ದು ಎಂದರೆ ಯಂತ್ರ ಒಪ್ಪಲಿಲ್ಲ. ಮಾತು ಮುಗಿಯುವಷ್ಟರಲ್ಲಿ ಬಂಗುಡೆ ತಿನ್ನುವ ಹಾಗಿರಲಿಲ್ಲ.

ಇನ್ನು ಗೋದಾಮಿನ ಬೆಕ್ಕಿನ ಕಥೆ. ಹೊಟ್ಟೆ ತುಂಬಿಕೊಂಡು ಹೊರಗೆ ಹೋದ ಬೆಕ್ಕು ಎರಡು ದಿನ ಬಿಟ್ಟು ತೆಳ್ಳಗೆ ಬಂತು. "ಸರಕಿನಲ್ಲಿ ಕೊರತೆ" ಎಂದಿತು ಜಯವಿಜಯ. ಬೆಕ್ಕು ಹಿಂದೆ ಹೋಗಿ ಒಂದು ಮರಿಯನ್ನು ಕಚ್ಚಿಕೊಂಡು ಬಂತು. "ಜೀವಂತ ಪ್ರಾಣಿ. ಆರೋಗ್ಯ ಪತ್ರ ಇಲ್ಲ" ಎಂದಿತು. ಬೆಕ್ಕು ಇಂಥ ಆಫೀಸಿನ ಸಹವಾಸವೇ ಬೇಡವೆಂದು ಮರಿಗಳ ಸಮೇತ ಪಕ್ಕದ ಹಂಚಿನ ಅಂಗಡಿಗೆ ಒಕ್ಕಲು ಹೋಯಿತು. ಜಸಿಂತಾಬಾಯಿಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು.

ಇದನ್ನು ಕಿತ್ತು ಹಾಕಿ ಎಂದು ಅವರು ಉಪಾಧ್ಯರಿಗೆ ಖಡಾಖಂಡಿತ ಹೇಳಿದರು. ಬ್ಯಾಂಡು ಬಂದ ದಿನ ಅದರ ಪ್ರತಾಪ ನೋಡಿ, ಆಮೇಲೆ ಬೇಕಾದರೆ ಕಿತ್ತರಾಯಿತು ಎಂದು ಉಪಾಧ್ಯರು ಗೋಗರೆದರು. ಮುದುಕರ ಮುಖ ನೋಡಿ ಜಸಿಂತಾಬಾಯಿ ಹೂಂ ಅಂದುಬಿಟ್ಟರು. ಅವರ ಜೀವನದ ತಪ್ಪುಗಳೆಲ್ಲ ಹೀಗೆ ಹೂಂ ಅಂದು ಆದವುಗಳೇ.

ಬ್ಯಾಂಡು ಬಂತು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಕೆಲಸ ಹೂವೆತ್ತಿದ ಹಾಗೆ ಮುಗಿಯಿತು. ಅಧಿಕಾರಿ ಒಂದೊಂದೇ ವಾದ್ಯದ ಮೇಲಿನ ಗುರುತು ನೋಡಿದರು, ಹೋದದ್ದೇ ಬಂದಿದೆ ಎಂದರು. ಅಲ್ಲಿನವರು ಪ್ರೀತಿಯಿಂದ ತೊಳೆದು ಒರೆಸಿ ಕೊಟ್ಟಿದ್ದಾರೆ ಎಂದು ಮಾಸ್ಟ್ರು ಹೇಳಿದ್ದನ್ನು ಜಸಿಂತಾಬಾಯಿ ಅಧಿಕಾರಿಗೂ ತಿಳಿಸಿದರು. ಅಧಿಕಾರಿ ಅದನ್ನೂ ಬರೆದುಕೊಂಡು, ನಕ್ಕು ಬಿಟ್ಟುಕೊಟ್ಟರು. ಪೆಟ್ಟಿಗೆ ಬಿಚ್ಚಿ, ಸಮವಸ್ತ್ರ ಹಾಕಿಕೊಂಡು ಹೊರಡಲಿಕ್ಕೆಂದು ಎಲ್ಲರೂ ಗೋದಾಮಿಗೆ ಬಂದರು. ಮುಚ್ಚಿದ ಪೆಟ್ಟಿಗೆಗಳನ್ನು ಯಂತ್ರ ತಡೆಯಲಿಲ್ಲ. ಇಗರ್ಜಿ ಅಲ್ಲಿಂದ ನಡೆದು ಹೋಗುವಷ್ಟೇ ದೂರ.

"ಒಂದೇ ಒಂದು ಮಾರ್ಚ್ ಬಾರಿಸಿ ಮಾಸ್ಟ್ರೇ" ಎಂದರು ಉಪಾಧ್ಯರು. "ಅದು ಗುರುತು ಹಿಡಿದು ಸೈ ಅನ್ಲಿಕ್ಕೆ ಉಂಟು."

ಬಾರಿಸಿದರು. ಜಸಿಂತಾಬಾಯಿ ಕೈಯಲ್ಲಿದ್ದ ಕಾಗದ ಹಾಗೇ ಹಿಡಿದುಕೊಂಡು ನಿಂತರು. ಅದೇ ಮಾರ್ಚು. ಆದರೆ ಟ್ರಂಪೆಟ್ಟು ತಡವರಿಸುತ್ತಿಲ್ಲ, ಕ್ಲಾರಿನೆಟ್ಟು ಕಿರುಚುತ್ತಿಲ್ಲ, ಎಲ್ಲ ವಾದ್ಯಗಳೂ ಒಂದೇ ಕಡೆಗೆ ಹೋಗುತ್ತಿವೆ. ಜಸಿಂತಾಬಾಯಿಯ ಮದುವೆಗೂ ಇದೇ ಬ್ಯಾಂಡು ಇತ್ತು. ಅಂದು ಗಂಡನ ಹೆಜ್ಜೆ ತಪ್ಪುತ್ತಿದೆಯೆಂದು ಅವರು ಕಾಲು ತುಳಿದು ಎಚ್ಚರಿಸಿದ್ದರು. ಪಾಪ, ಆ ಮನುಷ್ಯನ ತಪ್ಪೇನೂ ಇರಲಿಲ್ಲವೆಂದು ಈಗ ಗೊತ್ತಾಯಿತು.

"ಹೋದ ಸರಕು ಇದಲ್ಲ" ಎಂದಿತು ಜಯವಿಜಯ. ಶಟರು ದಡಾರನೆ ಇಳಿಯಿತು. ಬ್ಯಾಂಡು, ಮಾಸ್ಟ್ರು, ಉಪಾಧ್ಯರು, ಜಸಿಂತಾಬಾಯಿ ಎಲ್ಲರೂ ಒಳಗೆ.

ಕರೆಂಟು ತೆಗೆಯಿರಿ ಎಂದರು ಕ್ಲಾರಿನೆಟ್ಟಿನ ಲೋರೆನ್ಸ. ಕರೆಂಟು ಹೋದರೆ ಕಳ್ಳಸಾಗಣೆಯವರಿಗೆ ಹಬ್ಬವಾಗುತ್ತದೆಂದು ಒಳಗೊಂದು ಬ್ಯಾಟರಿ ಇಟ್ಟಿರುವುದಾಗಿ ಉಪಾಧ್ಯರು ತುಸು ಹೆಮ್ಮೆಯಿಂದಲೇ ಹೇಳಿದರು. ಶಟರಿಗೆ ನಾಲ್ಕು ಜನ ಭುಜ ಕೊಟ್ಟರು. ಕ್ರೇನಿನ ಮೋಟಾರು ಜಗ್ಗಲಿಲ್ಲ. ಉಪಾಧ್ಯರು ಕಂಬದ ಮುಚ್ಚಳ ಬಿಚ್ಚಿ, ಏನನ್ನೋ ಕಿತ್ತು, ಬೇರೆ ಏನನ್ನೋ ಸಿಕ್ಕಿಸಿ, ಬೆರಳು ಸುಟ್ಟುಕೊಂಡರು. ಪ್ರಯೋಜನವಾಗಲಿಲ್ಲ.

ಹಾಗಾದರೆ ಮೊದಲಿನ ಹಾಗೆಯೇ ಬಾರಿಸಿಬಿಡಿ, ಗುರುತು ಸಿಕ್ಕೀತು ಎಂದರು ಉಪಾಧ್ಯರು. ಮೊದಲಿನ ಹಾಗೆ ಎಂದರೆ ಹೇಗೆ ಎಂದು ಮಾಸ್ಟ್ರು ಹುಬ್ಬು ಗಂಟಿಕ್ಕಿ ಕೇಳಿದರು. ಉಪಾಧ್ಯರು ಮೇಲೆ ಕೆಳಗೆ ನೋಡಿದರು. ಲೋರೆನ್ಸ ಮಾತ್ರ ಅರ್ಥಮಾಡಿಕೊಂಡು, ಕಷ್ಟಪಟ್ಟು ಒಂದು ಅಪಸ್ವರ ಹೊರಡಿಸಿದರು.

"ಉದ್ದೇಶಪೂರ್ವಕ ಸುಳ್ಳು ಘೋಷಣೆ" ಎಂದು ಯಂತ್ರ ಕೆಂಪು ದೀಪ ಹಾಕಿತು.

ಮಾಸ್ಟ್ರು ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತರು. ಹಾಕಿದ್ದ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಕಿಟಕಿಯ ಸರಳಿನಾಚೆ ಇಗರ್ಜಿಯ ಗಂಟೆ ಕೇಳುತ್ತಿತ್ತು. ಒಳಗೆ ಪೂಜೆ ಶುರುವಾಗಿದೆ, ಮುಗಿಯುವಷ್ಟರಲ್ಲಿ ಇವರು ಬಾಗಿಲಲ್ಲಿ ಇರಬೇಕು. ಅಪ್ಪನ ಬ್ಯಾಂಡಿಲ್ಲದೆ ಹುಡುಗಿ ಮೆಟ್ಟಿಲಿಳಿಯಬಾರದು. ಜಸಿಂತಾಬಾಯಿ ಯಂತ್ರದ ಮುಂದೆ ಹೋಗಿ ನಿಂತರು. ಅಧಿಕಾರಿಗಳ ಮುಂದೆ ಹೇಗೆ ನಿಲ್ಲುತ್ತಿದ್ದರೋ ಹಾಗೆಯೇ, ಸೆರಗು ಸರಿಮಾಡಿಕೊಂಡು. ಬಾಗಿಲು ಕಾಯುವವರ ಜೊತೆ ಜಗಳ ಮಾಡಿ ಪ್ರಯೋಜನವಿಲ್ಲ, ಅವರು ಕೇಳುವುದನ್ನು ಕೊಟ್ಟು ದಾಟಬೇಕು ಎಂಬುದು ಅವರು ಕಂಡುಕೊಂಡ ಸತ್ಯ.

"ಹೋದ ಸರಕೇ ಬಂದಿದೆ. ಆದರೆ ಅಲ್ಲಿ ರಿಪೇರಿ ಆಗಿದೆ" ಎಂದರು.

"ರಿಪೇರಿಯ ಬೆಲೆ ಘೋಷಿಸಿ" ಎಂದಿತು ಯಂತ್ರ.

ಜಸಿಂತಾಬಾಯಿ ಮಾಸ್ಟ್ರತ್ತ ತಿರುಗಿದರು. ತೊಳೆದು ಒರೆಸಿದ್ದಷ್ಟೇ ಅಲ್ಲವೆಂದು ಮಾಸ್ಟ್ರು ಆಗ ಬಾಯಿಬಿಟ್ಟರು. ಮಸ್ಕತ್ತಿನಲ್ಲಿ ವಾದ್ಯದ ಅಂಗಡಿಯವನೊಬ್ಬ ಹಬ್ಬಕ್ಕೆ ಬಂದಿದ್ದನಂತೆ. ಇವರು ಬಾರಿಸಿದ್ದನ್ನು ಕೇಳಿ ಮರುದಿನ ಎಲ್ಲವನ್ನೂ ಎತ್ತಿಕೊಂಡು ಹೋಗಿ, ತೂತು ಮುಚ್ಚಿ, ತಗ್ಗು ಎಬ್ಬಿಸಿ, ಶ್ರುತಿ ಕೂಡಿಸಿ ಕೊಟ್ಟನಂತೆ. ದುಡ್ಡು ಬೇಡವೇ ಬೇಡ ಎಂದನಂತೆ. ಯಂತ್ರಕ್ಕೆ ಹಾಗೆಯೇ ಹೇಳಿದರು. ಪುಕ್ಕಟೆ ಎಂಬ ಬೆಲೆಯನ್ನು ಅದು ಒಪ್ಪಲಿಲ್ಲ. ಒಪ್ಪುವುದಿಲ್ಲವೆಂದು ಜಸಿಂತಾಬಾಯಿಗೆ ಮೊದಲೇ ಗೊತ್ತಿತ್ತು. ಈ ಕೆಲಸದಲ್ಲಿ ಉಡುಗೊರೆಗೂ ಒಂದು ಬೆಲೆ ಬರೆಯಲೇಬೇಕು. ನಾಳೆ ಕಸ್ಟಮ್ಸ್ ಅಧಿಕಾರಿಗೂ ಇದನ್ನು ತಿಳಿಸಬೇಕೆಂದುಕೊಂಡು, ಬಾಯಿಗೆ ಬಂದ ಒಂದು ಬೆಲೆ ಹೇಳಿದರು.

"ಆಧಾರ ಸಾಲದು" ಎಂದಿತು. "ರಿಪೇರಿಗೆ ಮೊದಲಿನ ಸ್ಥಿತಿ ಘೋಷಿಸಿ. ಮಾಲೀಕರೇ ಘೋಷಿಸಬೇಕು."

ಮಾಸ್ಟ್ರು ಎದ್ದು ನಿಂತು, ಎದೆಯುಬ್ಬಿಸಿ, "ಉತ್ತಮ" ಎಂದರು.

ಯಂತ್ರ ಹೊರಡುವ ದಿನ ತಾನು ಕೇಳಿಸಿಕೊಂಡಿದ್ದ ಮಾರ್ಚನ್ನು ಮೊದಲಿಂದ ಕೊನೆಯವರೆಗೆ ಹಾಕಿತು. ಎತ್ತಿನ ಗಾಡಿಯೊಂದು ಪಾತ್ರೆಯಂಗಡಿಗೆ ನುಗ್ಗಿ, ಹಿಂದಕ್ಕೆ ಬರಲಾರದೆ, ಮತ್ತೆ ಮುಂದಕ್ಕೆ ಹೋದ ಹಾಗಿತ್ತು. ಡ್ರಮ್ಮಿನವನು ನೆಲ ನೋಡಿದ. ಲೋರೆನ್ಸರು ಕ್ಲಾರಿನೆಟ್ಟಿನ ಗುಂಡಿಗಳನ್ನು ಅಂಗಿಯ ತುದಿಯಿಂದ ಒರೆಸಿದರು, ಅವು ಆಗಲೇ ಫಳಫಳ ಹೊಳೆಯುತ್ತಿದ್ದವು. ಜಸಿಂತಾಬಾಯಿಗೆ ನಗು ಬಂತು, ಮಾಸ್ಟ್ರ ಮುಖ ನೋಡಿ ಕೈಯಲ್ಲಿದ್ದ ಕಾಗದ ಮಡಚತೊಡಗಿದರು.

"ಘೋಷಣೆ ಹೊಂದುವುದಿಲ್ಲ" ಎಂದಿತು ಜಯವಿಜಯ.

ಜಸಿಂತಾಬಾಯಿ ಮಾಸ್ಟ್ರ ಹತ್ತಿರ ಹೋಗಿ ಮೆಲ್ಲಗೆ, "ಇಲ್ಲಿ ಇರುವವರು ನಾವೇ ಅಲ್ವಾ ಮಾಸ್ಟ್ರೇ. ಹೊರಗಿನವರು ಯಾರೂ ಇಲ್ಲ" ಎಂದರು.

"ನಾವೇ ಇರುವುದು ಕಷ್ಟ ಬಾಯಿ" ಎಂದರು ಮಾಸ್ಟ್ರು. "ಇವರಿಗೆಲ್ಲ ಕಲಿಸಿದ್ದು ನಾನು."

ಹೊರಗೆ ಗಂಟೆ ಇನ್ನೊಮ್ಮೆ ಹೊಡೆಯಿತು. ಮಾಸ್ಟ್ರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು, ಪಾಪನಿವೇದನೆಗೆ ಹೋದವರ ಹಾಗೆ.

"ನಾವು ಇಷ್ಟು ಕಾಲ ಶ್ರುತಿ ತಪ್ಪಿ ಬಾರಿಸ್ತಾ ಇದ್ದೆವು" ಎಂದರು. "ಮಸ್ಕತ್ತಿನಲ್ಲಿ ಸರಿಯಾದ ಮೇಲೆ ಒಮ್ಮೆ ಬಾರಿಸಿದಾಗಲೇ ನನಗೆ ಗೊತ್ತಾಯ್ತು. ಇವರ ತಪ್ಪಲ್ಲ. ನನ್ನ ಕಿವಿಯದ್ದು."

ಲೋರೆನ್ಸ ಮುಂದೆ ಬಂದು ಮಾಸ್ಟ್ರ ಪಕ್ಕದಲ್ಲಿ ನಿಂತು, ಮಾಸ್ಟ್ರದ್ದೊಂದೇ ಅಲ್ಲ, ತಮ್ಮ ಕ್ಲಾರಿನೆಟ್ಟಿನ ಪಾಲನ್ನೂ ಬರೆದುಕೊಳ್ಳಬೇಕೆಂದು ಯಂತ್ರಕ್ಕೆ ಹೇಳಿದರು. ಡ್ರಮ್ಮಿನವನೂ ಕೈ ಎತ್ತಿದ. ಜಸಿಂತಾಬಾಯಿ ಆ ಬೆಲೆಯನ್ನೇ ಇನ್ನೊಮ್ಮೆ ಹೇಳಿದರು.

"ಹೊಂದುತ್ತದೆ" ಎಂದಿತು ಯಂತ್ರ. ಶಟರು ಏರಿತು.

ತಂಡ ಓಡಿತು. ಡ್ರಮ್ಮು ಮುಂದೆ, ಮಾಸ್ಟ್ರು ಹಿಂದೆ, ಟೋಪಿ ಅದರ ಹಿಂದೆ. ಜಸಿಂತಾಬಾಯಿಯೂ ದಾಟಿದರು. ಉಪಾಧ್ಯರು ಗೆದ್ದವರ ಹಾಗೆ ಕಂಬಕ್ಕೊಂದು ತಟ್ಟು ತಟ್ಟಿ ಹೊರಗೆ ಕಾಲಿಡಬೇಕು, ಅಷ್ಟರಲ್ಲಿ ಯಂತ್ರ ತನ್ನನ್ನೇ ಒಮ್ಮೆ ಪರೀಕ್ಷಿಸಿಕೊಂಡಿತು. ಮುಚ್ಚಳ ಬಿಚ್ಚಿದೆ, ತಂತಿ ಬದಲಾಗಿದೆ, ಸುಟ್ಟ ವಾಸನೆ. "ನಿಲ್ಲಿಸಿದ್ದ ಯಂತ್ರ ಇದಲ್ಲ" ಎಂದು ಘೋಷಿಸಿ, ತನ್ನನ್ನು ತಾನೇ ಮುಟ್ಟುಗೋಲು ಹಾಕಿಕೊಂಡು, ಶಟರನ್ನು ಇಳಿಸಿ, ದೀಪ ಆರಿಸಿತು. ಮುಂದೆ ಅದು ಬಾಯಿ ಬಿಡಲಿಲ್ಲ.

ಕಿಟಕಿಯ ಸರಳಿನ ಹಿಂದೆ ಉಪಾಧ್ಯರ ಮುಖ ಕಾಣಿಸಿತು. ತಮ್ಮದೇನೂ ಚಿಂತೆಯಿಲ್ಲ, ಸಣ್ಣದೊಂದು ಸುಧಾರಣೆ ಹೊಳೆದಿದೆ, ನೀವು ಮದುವೆಗೆ ಹೋಗಿ ಎಂದರು. ಗ್ಯಾಸ್ ಕಟರಿನವನನ್ನು ಕಳಿಸುತ್ತೇನೆ ಎಂದು ಜಸಿಂತಾಬಾಯಿ ಹೇಳಿದರು. ಯಾವಾಗ ಎಂದು ಮಾತ್ರ ಹೇಳಲಿಲ್ಲ.

ಇಗರ್ಜಿಯ ಬಾಗಿಲು ತೆರೆದಾಗ ಬ್ಯಾಂಡು ಅಲ್ಲಿತ್ತು. ರೆನಿಟಾ ಮೆಟ್ಟಿಲಿಳಿದಳು. ಮದುಮಗ ಒಮ್ಮೆಯೂ ಹೆಜ್ಜೆ ತಪ್ಪಲಿಲ್ಲ. ಜಸಿಂತಾಬಾಯಿ ಎಂದೂ ಅಳದವರು ಕರವಸ್ತ್ರ ಹುಡುಕಿದರು.

ಮದುವೆ ಹಾಲ್‌ನಲ್ಲಿ ಊಟದ ಹೊತ್ತಿಗೆ ಮಾಸ್ಟ್ರ ಹಳೆಯ ಸ್ನೇಹಿತರೊಬ್ಬರು, ಜನರ ಹಿಂದೆ ನಿಂತು ಬ್ಯಾಂಡಿನ ದನಿಯನ್ನಷ್ಟೇ ಕೇಳಿದ್ದವರು, ತಟ್ಟೆ ಹಿಡಿದುಕೊಂಡು ಬಂದರು. ಬ್ಯಾಂಡು ಭಾರೀ ಚೆಂದ ಇತ್ತು, ಗೋವಾದಿಂದ ಕರೆಸಿದ್ದಾ ಎಂದು ವಿಚಾರಿಸಿದರು. ಆಮೇಲೆ ಸ್ವಲ್ಪ ಬೇಸರದಲ್ಲೇ, "ಆದರೂ ಮಗಳ ಮದುವೆಗೆ ನಿಮ್ಮದೇ ಬ್ಯಾಂಡು ಇರ್ಬೇಕಿತ್ತು ಮಾಸ್ಟ್ರೇ. ಅದು ಎಲ್ಲಿ ಹೋಯ್ತು?" ಎಂದರು.

ಜಸಿಂತಾಬಾಯಿ ಬಾಯಿ ತೆರೆದರು. ಮಾಸ್ಟ್ರು ಕಣ್ಣಲ್ಲೇ ತಡೆದರು. ನಗುತ್ತ ಕುಣಿಯುತ್ತಿದ್ದ ಮಗಳನ್ನು ಒಮ್ಮೆ ನೋಡಿ, ಸ್ನೇಹಿತನ ತಟ್ಟೆಗೆ ಇನ್ನೊಂದು ಮಾಂಸದ ತುಂಡು ಹಾಕಿದರು.

"ಅದು ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದಿದೆ" ಎಂದರು.