ಮಜ್ಜಿಗೆಹುಲ್ಲಿನ ಎಣ್ಣೆ ಮತ್ತು ಅಮ್ಮನ ಹಸಿವು

ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ ಏನು ಬರೆದಿದ್ದರೂ ನಂಬುವವನು ನಾನು. ಕೂದಲು ಬರುತ್ತದೆಂದು ಬರೆದಿದ್ದ ಎಣ್ಣೆ ಹಚ್ಚಿ ಇದ್ದದ್ದನ್ನೂ ಕಳೆದುಕೊಂಡೆ. ನೆನಪಿನ ಶಕ್ತಿಗೆಂದು ತಂದ ಲೇಹ್ಯವನ್ನು ಎಲ್ಲಿಟ್ಟೆನೆಂದು ಇನ್ನೂ ಹುಡುಕುತ್ತಿದ್ದೇನೆ. "ನಿಮ್ಮಲ್ಲಿ ಬುದ್ಧಿ ಇರೋದು ಮೂಗಿಗೆ ಮಾತ್ರ" ಎನ್ನುತ್ತಾಳೆ ನನ್ನ ಹೆಂಡತಿ ಗಿರಿಜಾ. ಅದೂ ಹೊಗಳಿಕೆಯಲ್ಲ. ವಿನೋಬನಗರದ ನಮ್ಮ ಮನೆಗೂ ಪಕ್ಕದ ಶಾಂತಕ್ಕನ ಮನೆಗೂ ನಡುವೆ ಇರುವುದು ಒಂದು ಗಿಡ್ಡ ಕಾಂಪೌಂಡು. ಆಕೆ ಹುಳಿಗೆ ಇಂಗಿನ ಒಗ್ಗರಣೆ ಹಾಕಿದರೆ, ಆಗ ತಾನೇ ಉಂಡು ಕೈತೊಳೆದಿದ್ದರೂ ನನಗೆ ಮತ್ತೆ ಹಸಿವಾಗುತ್ತದೆ. ಈ ವಿಷಯದಲ್ಲಿ ಗಿರಿಜಾಗೆ ನನ್ನ ಮೇಲೆ ಬಹಳ ವರ್ಷಗಳ ಸಿಟ್ಟಿದೆ.

ಇಂಥ ಹೊಟ್ಟೆಬಾಕನನ್ನು ಹೆತ್ತ ಅಮ್ಮ ಒಂದು ವರ್ಷ ಊಟ ಬಿಡತೊಡಗಿದಳು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಆಯುಷ್ಯವೆಲ್ಲ ಕಳೆದು, ಅಪ್ಪ ಹೋದ ಮೇಲೆ ನಮ್ಮ ಜೊತೆಗಿರಲು ಬಂದವಳು. ಕಣ್ಣು ಪೂರಾ ಮಂಜಾಗಿತ್ತು. ಯಾರು ಬಂದರು, ಒಲೆಯ ಮೇಲೆ ಏನಿದೆ ಎಂಬುದನ್ನೆಲ್ಲ ಕಿವಿ, ಮೂಗುಗಳಲ್ಲೇ ತಿಳಿಯುತ್ತಿದ್ದಳು. ಹಾಸಿಗೆ ಹಿಡಿದ ಮೇಲೆ ಒಂದೊಂದೇ ತುತ್ತು ಕಡಿಮೆ ಮಾಡುತ್ತ ಬಂದಳು. ಡಾಕ್ಟರು, "ರೋಗ ಅಂತ ಏನೂ ಇಲ್ಲ. ಹೊಟ್ಟೆಗೆ ಹೋದ್ರೆ ಉಳೀತಾರೆ, ಇಲ್ಲಾಂದ್ರೆ ಇಲ್ಲ" ಎಂದು ಔಷಧಿ ಬರೆಯದೆ ಎದ್ದರು. ಔಷಧಿ ಬರೆಯದ ಡಾಕ್ಟರನ್ನು ಕಂಡರೆ ನನಗೆ ಭಯ.

ಆಗ ದುರ್ಗಿಗುಡಿಯಲ್ಲಿ ಒಬ್ಬರು ಮೇಡಂ ಅರೋಮಾಥೆರಪಿ ಕ್ಲಾಸು ನಡೆಸುತ್ತಿದ್ದರು. ಪರಿಮಳ ಮೂಸಿಸಿ ಗುಣಪಡಿಸುವ ವಿದ್ಯೆ. ಲ್ಯಾವೆಂಡರ್ ನಿದ್ದೆಗೆ, ನೀಲಗಿರಿ ನೆಗಡಿಗೆ. ಮಜ್ಜಿಗೆಹುಲ್ಲಿನ ಎಣ್ಣೆಯಂತೂ ಸೊಳ್ಳೆಗೆ, ಮೈಕೈ ನೋವಿಗೆ, ಮಂಕು ಹಿಡಿದ ಮನಸ್ಸಿಗೆ, ಜೊತೆಗೆ ಹಸಿವಿಗೆ. ಸೊಳ್ಳೆಯನ್ನು ಓಡಿಸುವ ವಾಸನೆ ಹಸಿವನ್ನು ಹೇಗೆ ಕರೆಯುತ್ತದೆಂದು ಬೇರೆಯವರಾದರೆ ಕೇಳುತ್ತಿದ್ದರು. ನಾನು ಚೀಟಿ ಓದಿದೆ, ಕೊಂಡೆ. ನನ್ನದೂ ಒಂದು ತರ್ಕವಿತ್ತು. ಕ್ವಾರ್ಟರ್ಸಿನ ಹಿತ್ತಿಲಲ್ಲಿ ಅಮ್ಮ ಮಜ್ಜಿಗೆಹುಲ್ಲು ಬೆಳೆಸಿದ್ದಳು, ಬೆಣ್ಣೆ ಕಾಯಿಸುವಾಗ ಎರಡೆಸಳು ಹಾಕುತ್ತಿದ್ದಳು. ಆ ತುಪ್ಪದ ನೆನಪಾದರೆ ಸತ್ತವರೂ ಎದ್ದು ತಟ್ಟೆ ಕೇಳಬೇಕು.

ಮೇಡಂ ಕೊಟ್ಟ ಮಣ್ಣಿನ ದೀಪದ ಮೇಲಿನ ಬಟ್ಟಲಿಗೆ ನೀರು ಹಾಕಿ, ಎಣ್ಣೆ ಬಿಟ್ಟು, ಅಮ್ಮನ ಮಂಚದ ಪಕ್ಕ ಹಚ್ಚಿಟ್ಟೆ. ಅವರು ಹೇಳಿದ್ದು ಕೆಲವೇ ಹನಿ. ಹೆತ್ತವಳ ವಿಷಯದಲ್ಲಿ ಜಿಪುಣತನ ಬೇಡವೆಂದು ನಾನು ಧಾರಾಳವಾಗಿ ಸುರಿದೆ. ಗಿರಿಜಾ ಗಂಜಿ ತಂದಳು. ಅಮ್ಮ ಮೂಗರಳಿಸಿದಳು. ಗೆದ್ದೆ ಎಂದುಕೊಂಡೆ.

"ನನ್ನನ್ನ ಎಲ್ಲಿಗೆ ತಂದು ಹಾಕಿದೀಯೋ?" ಎಂದಳು ಅಮ್ಮ.

"ಮನೇಲೇ ಇದೀಯಲ್ಲಮ್ಮ."

"ಸುಳ್ಳು ಹೇಳ್ಬೇಡ. ನೆಲ ಒರೆಸಿದ ವಾಸನೆ ಬರ್ತಿದೆ. ನಿಮ್ಮಪ್ಪನ್ನ ಮಲಗಿಸಿದ್ದ ವಾರ್ಡು ಇದು. ಇಲ್ಲಿಗೆ ಮಾತ್ರ ತರಲ್ಲ ಅಂತ ಮಾತು ಕೊಟ್ಟಿದ್ದೆ ನೀನು."

ಆಗ ನನಗೂ ನೆನಪಾಯಿತು. ಅಪ್ಪ ತೀರಿಕೊಂಡ ಆಸ್ಪತ್ರೆಯಲ್ಲಿ ದಿನವೂ ನೆಲ ಒರೆಸುವ ಬಕೆಟ್ಟಿಗೆ ಹಾಕುತ್ತಿದ್ದದ್ದು ಇದೇ ಎಣ್ಣೆ. ದೀಪ ಆರಿಸಿದೆ, ಕಿಟಕಿ ತೆರೆದೆ, ಅಮ್ಮನ ಕೈ ಹಿಡಿದು ನಮ್ಮ ಗೋಡೆ ಮುಟ್ಟಿಸಿದೆ. ನಂಬಲಿಲ್ಲ. ಅರ್ಧ ತುತ್ತಾದರೂ ತಿನ್ನುತ್ತಿದ್ದವಳು ತುಟಿಯನ್ನೇ ಬಿಗಿದಳು. ಮಗ ಮಾತಿಗೆ ತಪ್ಪಿದನೆಂದುಕೊಂಡೇ ಅಮ್ಮ ಹಸಿದು ಸಾಯುತ್ತಾಳಲ್ಲ ಎಂದು ನಾನು ಅಡುಗೆಮನೆಗೆ ಹೋಗಿ ಅತ್ತೆ. ಬಾಟಲಿಯ ಚೀಟಿಯಲ್ಲಿ 'ಮನೆಮಂದಿಗೆಲ್ಲ ಉಲ್ಲಾಸ' ಎಂದಿತ್ತು.

ಮರುದಿನ ಗ್ಯಾಸ್ ಮುಗಿಯಿತು. ಬುಕ್ ಮಾಡಿದ ಸಿಲಿಂಡರ್ ಬಂದಿರಲಿಲ್ಲ. ಗಿರಿಜಾ ಅಟ್ಟದಿಂದ ಅಮ್ಮನ ಕಾಲದ ಸೀಮೆಎಣ್ಣೆ ಬತ್ತಿ ಸ್ಟೌ ಇಳಿಸಿ, ಅನ್ನ ಸಾರು ಮಾಡಿ, ಉಫ್ ಎಂದು ಊದಿ ಆರಿಸಿದಳು. ಬತ್ತಿ ಸ್ಟೌ ಉರಿಯುವಾಗ ಅಷ್ಟಿಲ್ಲ. ಆರಿಸಿದಾಗ ಏಳುವ ಹೊಗೆಯ ನಾತ ಮನೆಯೆಲ್ಲ ತುಂಬುತ್ತದೆ. ಬಯ್ಯೋಣವೆಂದು ನಾನು ಮೂಗು ಮುಚ್ಚಿಕೊಂಡು ಬರುವಷ್ಟರಲ್ಲಿ ಕೋಣೆಯಿಂದ ಅಮ್ಮನ ದನಿ ಕೇಳಿತು.

"ಗಿರಿಜಾ, ಸ್ಟೌ ಆರಿಸಿದ್ಯೇನೇ? ಹಂಗಾದ್ರೆ ಬಡಿಸು."

ಕ್ವಾರ್ಟರ್ಸಿನಲ್ಲಿ ಆ ನಾತ ಬಂತೆಂದರೆ ಅಡುಗೆ ಆಯಿತೆಂದು ಅರ್ಥ. ಅಪ್ಪ ಶಿಫ್ಟ್ ಮುಗಿಸಿ ಬಂದು ಕಾಲು ತೊಳೆಯುವ ಹೊತ್ತಿಗೆ ಅಮ್ಮ ಸ್ಟೌ ಆರಿಸುತ್ತಿದ್ದಳು. ಸಾಲುಮನೆಗಳಲ್ಲೆಲ್ಲ ಅದೇ ಹೊತ್ತಿಗೆ ಅದೇ ವಾಸನೆ. ಆಸ್ಪತ್ರೆಯಲ್ಲಿ ಯಾರೂ ಸ್ಟೌ ಆರಿಸುವುದಿಲ್ಲವಲ್ಲ. ಅಮ್ಮ ಮನೆಗೆ ಬಂದಳು, ಸಾರನ್ನ ಉಂಡಳು. ಸಿಲಿಂಡರ್ ಬಂದ ಮೇಲೆ ಗಿರಿಜಾ ಗ್ಯಾಸಿನಲ್ಲೇ ಅಡುಗೆ ಮಾಡುವಳು. ನಾನು ಕೋಣೆಯ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ಸ್ಟೌ ಹಚ್ಚುವುದು, ಆರಿಸುವುದು. ಬಾಗಿಲ ಪರದೆ ಕಪ್ಪಾಯಿತು. ದುರ್ಗಿಗುಡಿಯ ಮೇಡಂ ಒಮ್ಮೆ ವಿಚಾರಿಸಲು ಬಂದು, "ಈಗ ಯಾವ ಆಯಿಲ್ ಬಳಸ್ತಿದೀರ?" ಎಂದರು. "ರೇಷನ್ ಅಂಗಡೀದು ಮೇಡಂ" ಎಂದೆ. ಸೆರಗನ್ನು ಮೂಗಿಗೆ ಹಿಡಿದು ಹೋದವರು ಮತ್ತೆ ಬರಲಿಲ್ಲ.

ಮಳೆಗಾಲ ಮುಗಿಯುವವರೆಗೂ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಸ್ಟೌ ಆರಿಸಿದೆ, ಒಳಗಿನಿಂದ "ಬಡಿಸು" ಎಂಬ ದನಿ ಬರಲಿಲ್ಲ. ಬತ್ತಿ ಏರಿಸಿ ಮತ್ತೆ ಹಚ್ಚಿದೆ, ಮತ್ತೆ ಊದಿದೆ. ಕೋಣೆಗೆ ಹೋಗಿ ನೋಡಿ ಬಂದ ಗಿರಿಜಾ, "ಸಾಕು ಬಿಡ್ರಿ" ಎಂದು ನನ್ನ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡಳು.

ಅಮ್ಮನಿಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಹೊಳೆಹೊನ್ನೂರಿನಿಂದ ಸೋದರಮಾವ ಬರಬೇಕಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಬಂದವರಿಗೆಂದು ಶಾಂತಕ್ಕ ತನ್ನ ಮನೆಯಲ್ಲಿ ಅಡುಗೆಗಿಟ್ಟಿದ್ದಳು. ಕಾಂಪೌಂಡು ದಾಟಿ ಇಂಗಿನ ಒಗ್ಗರಣೆ ಬಂತು. ಅಮ್ಮನ ಕಾಲ ಬಳಿ ಕೂತಿದ್ದ ನನಗೆ ಹಸಿವಾಯಿತು. ಹೊಟ್ಟೆ ಗುರ್ರೆಂದಿತು. ಹೆಂಗಸರ ಅಳುವಿನಲ್ಲಿ ಯಾರಿಗೂ ಕೇಳಿಸಿರಲಾರದೆಂದು ತಲೆ ತಗ್ಗಿಸಿ ಕೂತೆ.

ಇತ್ತೀಚೆಗೆ ಜ್ವರ ಬಂದು ಬಾಯಿ ಕೆಟ್ಟು ಮಲಗಿದ್ದಾಗ ನನಗೆ ಯೋಚನೆ ಹತ್ತಿತು. "ನಾನೂ ಅಮ್ಮನ ಹಂಗೆ ಊಟ ಬಿಟ್ರೆ ಯಾವ ವಾಸನೆ ತೋರಿಸ್ತೀಯ ಮಾರಾಯ್ತಿ?" ಎಂದೆ.

ಗಿರಿಜಾ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಿಮಗೆ ಯಾವ ಎಣ್ಣೇನೂ ಬೇಡ, ಶಾಂತಕ್ಕನ ಒಗ್ಗರಣೆ ಸಾಕು. ಅತ್ತೇನ ಕೂರಿಸಿದ್ದ ದಿನ ನಾನು ನಿಮ್ಮ ಪಕ್ಕದಲ್ಲೇ ಇದ್ನಲ್ಲ, ಕೇಳಿಸ್ತು."