ಹಡಗಿನಲ್ಲಿ ಒಬ್ಬ ಹೆಚ್ಚಿಗೆ

ಬೇರೆಯವರ ಪರವಾಗಿ ‘ಹೂಂ’ ಅನ್ನುವ ಚಟ ಒಮ್ಮೆ ಬಾಯಿಗೆ ಹತ್ತಿತೆಂದರೆ ಬಿಡಿಸುವುದು ಎಲೆಅಡಿಕೆ ಬಿಡಿಸುವುದಕ್ಕಿಂತ ಕಷ್ಟ. ಎಲೆಅಡಿಕೆ ಹಾಕುವವನಿಗೆ ತಾನು ಹಾಕಿಕೊಂಡಿದ್ದೇನೆ ಎಂಬುದಾದರೂ ಗೊತ್ತಿರುತ್ತದೆ. ನನ್ನ ಚಟದಲ್ಲಿ ಮಾತು ಹೊರಗೆ ಬಿದ್ದ ಮೇಲೆ, ಅದನ್ನು ಆಡಿದವನು ಯಾರು ಎಂದು ನಾನೂ ಉಳಿದವರ ಜೊತೆ ಹಿಂತಿರುಗಿ ನೋಡುತ್ತೇನೆ. ಈ ಒಂದು ಚಟದಿಂದ, ಪರದೇಶದ ಬಂದರಿನಲ್ಲಿ, ಸಾವಿರಾರು ಜನರನ್ನು ಹೊತ್ತು ನಿಂತ ಹಡಗಿನ ಅಧಿಕಾರಿಗಳ ಮುಖದ ಬಣ್ಣ ಹಾರಿಹೋಯಿತು ಎಂದರೆ ನೀವು ನಂಬುವುದಿಲ್ಲ. ನನಗೂ ಈಗಲೂ ನಂಬಿಕೆ ಬರುವುದಿಲ್ಲ, ಆದರೆ ನಡೆದದ್ದು ಹಾಗೆಯೇ.

ನನ್ನೂರು ಸಿಂಧನೂರು ತಾಲ್ಲೂಕಿನ ವಳಕಮದಿನ್ನಿ. ಹಡಗು ಹತ್ತುವ ಮೊದಲು ನಾನು ಕಾಲುವೆಯ ಹೂಳು ತೆಗೆಸುವ ಒಬ್ಬ ಗುತ್ತೇದಾರರ ಕೈಕೆಳಗೆ ಮುನ್ಷಿಯಾಗಿದ್ದೆ. ಮುನ್ಷಿ ಎಂದರೆ ದೊಡ್ಡ ಹೆಸರು. ಕೆಲಸ ಮಾತ್ರ ಕೊಡೆ ಹಿಡಿದು ಏರಿಯ ಮೇಲೆ ನಿಂತು ಮಸ್ಟರ್ ಬರೆಯುವುದು. ನಮ್ಮ ಕಡೆ ಮಸ್ಟರ್ ಅಂದರೆ ಕೂಲಿಯವರ ಹಾಜರಿ ಪುಸ್ತಕ. ಹೆಸರು ಕರೆಯಬೇಕು, ಅವರು ‘ಹಾಜರ್ ರೀ’ ಅನ್ನಬೇಕು, ನಾನು ಗೀಟು ಎಳೆಯಬೇಕು. ಇದರಲ್ಲಿ ಕಷ್ಟವೇನಿದೆ ಅನ್ನುತ್ತೀರಿ. ಕಷ್ಟವಿರುವುದು ಕರೆದ ಹೆಸರಿಗೆ ಯಾರೂ ಓಗೊಡದೆ ಇದ್ದಾಗ. ಹಿಂದಿನ ದಿನ ಸಂಜೆ ಹುಲಿಗೆಮ್ಮ ಬಂದು, “ಯಣ್ಣಾ, ಮಗಳು ಹಡದಾಳ, ನೋಡಾಕ ಗುರುಗುಂಟಾಕ್ಕ ಹೊಂಟೀನಿ. ನಾಳಿ ನನ್ನ ಮಸ್ಟರ್ ಒಂದೀಟು ಹಾಕಿಬಿಡಪಾ” ಎಂದಿರುತ್ತಾಳೆ. ಮೊಮ್ಮಗುವನ್ನು ನೋಡಲು ಹೋದವಳ ಕೂಲಿ ಕತ್ತರಿಸುವಷ್ಟು ಗಟ್ಟಿ ಎದೆ ನನ್ನದಲ್ಲ. ‘ಹುಲಿಗೆಮ್ಮ’ ಎಂದು ನಾನೇ ಕರೆದು, ಮುಖ ಆ ಕಡೆ ತಿರುಗಿಸಿ ‘ಹಾಜರ್ ರೀ’ ಎಂದು ನಾನೇ ಅಂದು, ಗೀಟು ಎಳೆಯುತ್ತಿದ್ದೆ. ಹೀಗಾಗಿ ಕಾಲುವೆಯಲ್ಲಿ ಇದ್ದವರಿಗಿಂತ ನನ್ನ ಪುಸ್ತಕದಲ್ಲಿ ಇದ್ದವರು ಯಾವಾಗಲೂ ಒಬ್ಬಿಬ್ಬರು ಹೆಚ್ಚು. ಅದರಿಂದ ಕಾಲುವೆಯ ನೀರೇನೂ ನಿಲ್ಲಲಿಲ್ಲ. ಜನ ಮಾತ್ರ ನನ್ನನ್ನು ಬಹಳ ಒಳ್ಳೆಯವನು ಎಂದರು, ನಾನೂ ಹಾಗೆಯೇ ಅಂದುಕೊಂಡೆ.

ಕಾಲುವೆ ಕೆಲಸ ಮುಗಿದ ಮೇಲೆ ಮಸ್ಕಿಯಲ್ಲಿ ಸೋದರಮಾವನ ಖಾನಾವಳಿ ಸೇರಿದೆ. ಅಲ್ಲಿ ಕಲಿತ ವಿದ್ಯೆ ಒಂದೇ, ದೊಡ್ಡ ಪಾತ್ರೆಯಲ್ಲಿ ಅನ್ನ ಉದುರುದುರಾಗಿ ಮಾಡುವುದು. ಅದೇ ವಿದ್ಯೆ ನನ್ನನ್ನು ಹಡಗಿಗೆ ಹತ್ತಿಸಿತು. ಪ್ರವಾಸಿಗರ ಹಡಗು, ಹನ್ನೆರಡು ಅಂತಸ್ತು, ಮೇಲೆ ಈಜುಕೊಳ. ಸುತ್ತಲೂ ಇಷ್ಟು ನೀರು ಇಟ್ಟುಕೊಂಡು ಮೇಲೊಂದು ಹೊಂಡ ಏಕೆ ಎಂದು ಮೊದಲ ದಿನವೇ ಗಾಬರಿಯಾಯಿತು. ನನ್ನ ಕೆಲಸ ಹಡಗಿನ ನೌಕರರಿಗೆ ಅನ್ನ ಬೇಯಿಸುವುದು. ಅಡುಗೆಮನೆ ನೀರಿನ ಮಟ್ಟಕ್ಕಿಂತ ಕೆಳಗೆ. ಊರಿನಿಂದ ಅವ್ವ ಫೋನ್ ಮಾಡಿ, “ಯಾವ ಯಾವ ಊರು ನೋಡಿದೆಪಾ?” ಎಂದು ಕೇಳಿದಾಗ ನೇಪಲ್ಸ್, ಮಾರ್ಸೆಲ್ಸ್, ಬಾರ್ಸಿಲೋನಾ ಎಂದು ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಮೂರೂ ಊರುಗಳಲ್ಲಿ ನಾನು ಚೆನ್ನಾಗಿ ನೋಡಿದ್ದು ಅನ್ನದ ಹಬೆಯನ್ನು. ನೇಪಲ್ಸ್‌ನಲ್ಲಿ ಒಮ್ಮೆ ಎರಡು ತಾಸು ಬಿಡುವು ಸಿಕ್ಕಿತ್ತು. ಇಳಿದು ಹೋಗಿ ಒಂದು ಬೀದಿ ನೋಡಿದೆ. ಅಲ್ಲಿಯೂ ಆಟೋದಂಥ ಮೂರು ಗಾಲಿಯ ಗಾಡಿ, ಅಲ್ಲಿಯೂ ಅಡ್ಡಾದಿಡ್ಡಿ ಬೈಕು, ಅಲ್ಲಿಯೂ ಮಹಡಿಯಿಂದ ಮಹಡಿಗೆ ಜಗಳ. ಇಷ್ಟು ದೂರ ಬಂದು ಸಿಂಧನೂರಿನ ಬಸ್ ನಿಲ್ದಾಣದ ಹಿಂಭಾಗವನ್ನೇ ನೋಡಿದೆನಲ್ಲ ಎಂದು ದಂಗಾಗಿ ಹಿಂತಿರುಗಿದೆ.

ಹಡಗಿನಲ್ಲಿ ನನ್ನ ಮಾತು ತಿಳಿಯುವವನು ಒಬ್ಬನೇ, ಲಿಂಗಸೂಗೂರಿನ ಮಹಿಬೂಬ. ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಅವನದು. ಅವನಿಗೆ ಹರಕೆಯೋ ಆಸೆಯೋ ಒಂದಿತ್ತು. ಹಡಗು ಇಸ್ತಾಂಬುಲ್‌ಗೆ ಹೋಗುತ್ತದೆ ಎಂದು ತಿಳಿದಾಗಿನಿಂದ ಅವನ ತಾಯಿ, ಅಲ್ಲಿಯ ದೊಡ್ಡ ಮಸೀದಿಯಲ್ಲಿ ಒಂದು ಶುಕ್ರವಾರದ ನಮಾಜು ಮಾಡಿಕೊಂಡು ಬಾ ಎಂದು ಗಂಟುಬಿದ್ದಿದ್ದರು. ಮೂರು ಸಲ ಹೋದಾಗಲೂ ವಾರ ಕೂಡಿಬರಲಿಲ್ಲ. ನಾಲ್ಕನೆಯ ಸಲ ಸರಿಯಾಗಿ ಶುಕ್ರವಾರ ಬಂತು. ಇನ್ನು ಹತ್ತು ದಿನಕ್ಕೆ ಅವನ ಕರಾರು ಮುಗಿದು ಊರಿಗೆ ಹೋಗುವವನು; ಇದು ತಪ್ಪಿದರೆ ತಪ್ಪಿದಂತೆಯೇ. ಆದರೆ ಅದೇ ಬೆಳಿಗ್ಗೆ ನೌಕರರಿಗೆ ಡ್ರಿಲ್ ಇಟ್ಟುಬಿಟ್ಟರು.

“ನೋಡಲೇ ಅಮರೇಶಾ, ನನ್ನ ನಸೀಬ ಹೆಂಗೈತಿ” ಎಂದು ತಿಂಡಿಯ ಹೊತ್ತಿಗೆ ಬಂದು ಕುಳಿತ. “ಮೂರು ದಿವ್ಸದಿಂದ ಜುಬ್ಬಾ ಇಸ್ತ್ರಿ ಮಾಡಾಕತ್ತೀನಿ.”

“ಸೂಟಿ ಕೇಳಿ ನೋಡಲೇ.”

“ಕೇಳೀನಿ. ನಮ್ಮ ಸೂಪರ್‌ವೈಜರ ‘ನೋಡೋಣ’ ಅಂದಾನ. ನೋಡೋಣ ಅಂದ್ರ ಇಲ್ಲ ಅಂತನ ಅರ್ಥ. ಜಗತ್ತಿನಾಗ ಎಲ್ಲಾ ಭಾಷಾದಾಗೂ ಅದಕ್ಕ ಅದ ಅರ್ಥ.”

ಡ್ರಿಲ್ ಎಂದರೆ ಇಷ್ಟು. ಗಂಟೆ ಬಾರಿಸಿದ ಕೂಡಲೇ ಕೆಲಸ ಬಿಟ್ಟು, ನೀರಿನಲ್ಲಿ ತೇಲಿಸುವ ಕೇಸರಿ ಬಣ್ಣದ ದಪ್ಪ ಜಾಕೀಟು ಹಾಕಿಕೊಂಡು, ನಮಗೆ ಗೊತ್ತುಮಾಡಿದ ಜಾಗದಲ್ಲಿ ಹೋಗಿ ನಿಲ್ಲಬೇಕು. ಅಧಿಕಾರಿ ಒಬ್ಬೊಬ್ಬರ ಹೆಸರು ಕರೆದು ಗುರುತು ಹಾಕುತ್ತಾನೆ. ಇದಕ್ಕೆ ಅವರು ಇಟ್ಟ ಹೆಸರೇ ಮಸ್ಟರ್! ಹಡಗು ಸೇರಿದ ಹೊಸತರಲ್ಲಿ ಇದರ ಬಗ್ಗೆ ಅರ್ಧ ದಿನ ಪಾಠ ಮಾಡಿದ್ದರು. ನಾನು ಆ ಪದ ಕೇಳಿದೊಡನೆ ನಕ್ಕು ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿದೆ. ಹತ್ತು ಹಳ್ಳಿಯ ಮಸ್ಟರ್ ಬರೆದ ನನಗೆ ಇವರೇನು ಮಸ್ಟರ್ ಕಲಿಸುತ್ತಾರೆ ಎಂಬ ಸೊಕ್ಕು. ಆ ನಿದ್ದೆ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಆ ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತೆವು. ಮಹಿಬೂಬನೂ ನಾನೂ ಒಂದೇ ಜಾಗಕ್ಕೆ ಸೇರಿದವರು. ನೋಡುತ್ತೇನೆ, ಅವನಿಲ್ಲ. ಹುಡುಗ ಹೇಳದೆ ಕೇಳದೆ ಹೋಗಿಯೇಬಿಟ್ಟನಲ್ಲ ಎಂದುಕೊಂಡೆ. ಅಷ್ಟರಲ್ಲಿ ಅಧಿಕಾರಿ ಅವನ ಹೆಸರು ಕರೆದ. ಆತ ತಲೆ ಎತ್ತಿ ಇನ್ನೊಮ್ಮೆ ಕರೆದ. ಕರೆದ ಹೆಸರು ಹಾಗೆ ಅನಾಥವಾಗಿ ಗಾಳಿಯಲ್ಲಿ ನೇತಾಡುವುದನ್ನು ನನ್ನಿಂದ ನೋಡಲಾಗಲಿಲ್ಲ. ನನ್ನ ಮುಖ ತಾನಾಗಿ ಆ ಕಡೆ ತಿರುಗಿತು, ಗಂಟಲು ತಾನಾಗಿ ದಪ್ಪವಾಯಿತು, ‘ಎಸ್ ಸರ್’ ಎಂಬ ಮಾತು ಹೊರಬಿತ್ತು. ಅಧಿಕಾರಿ ಗೀಟು ಎಳೆದ. ಐದು ಹೆಸರಿನ ನಂತರ ನನ್ನದನ್ನು ಕರೆದಾಗ ನನ್ನ ಸ್ವಂತ ದನಿಯಲ್ಲಿ ಇನ್ನೊಮ್ಮೆ ‘ಎಸ್ ಸರ್’ ಎಂದೆ. ಗೆಳೆಯನ ನಮಾಜು ಉಳಿಸಿದೆನೆಂಬ ಸಂತೋಷದಲ್ಲಿ ಅನ್ನದ ಪಾತ್ರೆಯ ಹತ್ತಿರ ಹಾಡು ಗುನುಗುತ್ತ ನಿಂತಿದ್ದೆ.

ಅರ್ಧ ತಾಸು ಆಗಿರಬಹುದು. ನಮ್ಮ ಅಡುಗೆಮನೆಯ ಮುಖ್ಯಸ್ಥ ಬೆವರು ಒರೆಸುತ್ತ ಬಂದು, “ಕೈಯಲ್ಲಿದ್ದುದನ್ನು ಬಿಟ್ಟು ಎಲ್ಲರೂ ಬನ್ನಿ. ಹಡಗಿನಲ್ಲಿ ಒಬ್ಬ ಹೆಚ್ಚಿಗೆ ಇದ್ದಾನೆ. ಲೆಕ್ಕಕ್ಕೆ ಸಿಗದ ಮನುಷ್ಯ. ಪ್ರಯಾಣಿಕರಿಗೆ ತಿಳಿಯದಂತೆ ಹುಡುಕಬೇಕು” ಎಂದ. ಹೌಹಾರಿಬಿಟ್ಟೆ. ಕಳ್ಳನೋ, ಅದಕ್ಕಿಂತ ಕೆಟ್ಟವನೋ! ಕೈಗೆ ಸಿಕ್ಕ ನೆಲ ಒರೆಸುವ ಕೋಲು ಹಿಡಿದು ಹೊರಟೆ. ಸತ್ಯವಾಗಿ ಹೇಳುತ್ತೇನೆ, ಅಷ್ಟು ಶ್ರದ್ಧೆಯಿಂದ ನಾನು ಅನ್ನವನ್ನೂ ಬೇಯಿಸಿಲ್ಲ. ಎಂಟು ತಿಂಗಳಲ್ಲಿ ಕಾಲಿಡದ ಮಹಡಿಗಳನ್ನೆಲ್ಲ ಅಂದು ನೋಡಿದೆ. ಗಾಜಿನ ಲಿಫ್ಟು ನೋಡಿದೆ, ಹಡಗಿನೊಳಗೆ ಬೆಳೆದ ಗಿಡ ನೋಡಿದೆ, ನಾಟಕದ ಮನೆಯನ್ನೂ ನೋಡಿದೆ. ಅಲ್ಲಿ ವೇಷಗಳ ಕಪಾಟಿನಲ್ಲಿ ಒಂದು ಉದ್ದನೆಯ ಕೋಟು ಅಲುಗಾಡಿದಂತಾಯಿತು. ಕೋಲಿನಿಂದ ತಿವಿದು, “ಹೊರಗ ಬಾರಲೇ ಮಗನ! ಎಲ್ಲಿ ಅಡಗೀದಿ?” ಎಂದು ಗುಡುಗಿದೆ. ಕೋಟು ಕೆಳಗೆ ಬಿತ್ತು. ಒಳಗೆ ಯಾರೂ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮುಖ್ಯಸ್ಥ ಆಗ ಹೆಚ್ಚಿನ ವಿವರ ಕೊಟ್ಟ. ಇಸ್ತ್ರಿಯ ಮಹಿಬೂಬನಿಗೆ ಕೊನೆಯ ಗಳಿಗೆಯಲ್ಲಿ ರಜೆ ಕೊಟ್ಟು ಕಳಿಸಿದ್ದರು; ಹಾಜರಿ ಹಾಳೆಯಿಂದ ಹೆಸರು ತೆಗೆಯಲು ಹೊತ್ತು ಸಿಕ್ಕಿರಲಿಲ್ಲ. ಅವನು ಬಾಗಿಲ ಯಂತ್ರಕ್ಕೆ ಕಾರ್ಡು ತೋರಿಸಿಯೇ ಇಳಿದುಹೋಗಿದ್ದಾನೆ. ಆದರೆ ಮಸ್ಟರ್‌ನಲ್ಲಿ ಅವನ ಹೆಸರಿಗೆ ಯಾವನೋ ಉತ್ತರ ಕೊಟ್ಟಿದ್ದಾನೆ. “ಮಹಿಬೂಬನಂತೆ ನಟಿಸುವ ಅಪರಿಚಿತ ಒಬ್ಬ ನಮ್ಮ ಜಾಕೀಟು ಹಾಕಿಕೊಂಡು ನಮ್ಮ ನಡುವೆಯೇ ನಿಂತಿದ್ದ. ದಪ್ಪ ದನಿಯವನಂತೆ” ಎಂದ.

ಕೋಲು ಕೈಯಿಂದ ಜಾರಿತು. ಒಂದು ತಾಸಿನಿಂದ ನಾನು ಹಲ್ಲು ಕಡಿಯುತ್ತ ಹುಡುಕುತ್ತಿದ್ದ ಕಳ್ಳ ನನ್ನ ಅಂಗಿಯೊಳಗೇ ಇದ್ದ. ಸುಮ್ಮನಿದ್ದುಬಿಡೋಣವೇ, ಹುಡುಕಿ ಸಾಕಾಗಿ ಬಿಟ್ಟಾರು ಎಂದು ಒಂದು ಗಳಿಗೆ ಅನಿಸಿತು, ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ಮುಖ್ಯಸ್ಥ, “ಮಹಿಬೂಬನನ್ನು ಫೋನ್ ಮಾಡಿ ವಾಪಸು ಕರೆಸಿದ್ದಾರೆ. ನಿನ್ನ ಜಾಗದಲ್ಲಿ ಯಾರನ್ನು ನಿಲ್ಲಿಸಿದೆ ಎಂದು ಕೇಳುತ್ತಿದ್ದಾರೆ. ಹೇಳದಿದ್ದರೆ ಅವನ ಕೆಲಸ ಹೋದಂತೆಯೇ” ಎಂದ. ಓಡಿದೆ. ಹಡಗಿನ ಏಣಿಯ ಬಾಯಲ್ಲಿ ಮಹಿಬೂಬ ನಿಂತಿದ್ದ. ಬಿಳಿ ಜುಬ್ಬಾ, ಬಿಳಿ ಟೋಪಿ, ಒಂದು ಸುಕ್ಕಿಲ್ಲ. ಎರಡೂ ಕಡೆ ಕಾವಲಿನವರು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ ಆಗುತ್ತ ಬಂದಿತ್ತು, ನಮಾಜು ಒಂದು ಗಂಟೆಗೆ. ಅವನ ಕಣ್ಣು ಗಡಿಯಾರದ ಮೇಲೆಯೇ ಇತ್ತು. ಅದನ್ನು ನೋಡಿ ನನಗೆ ಅಳು ಬಂತು.

“ಸರ್, ಅವನು ನಾನೇ. ಹೆಚ್ಚಿನವನು” ಎಂದೆ.

ಸುರಕ್ಷತಾ ಅಧಿಕಾರಿ ಕ್ರೊಯೇಷಿಯಾದವನು, ಬಾಗಿಲಿನಷ್ಟು ಎತ್ತರ. ಅವನಿಗೆ ನಮ್ಮೂರಿನ ಮಸ್ಟರ್ ಪದ್ಧತಿಯನ್ನು ನನ್ನ ಇಂಗ್ಲಿಷಿನಲ್ಲಿ ವಿವರಿಸಿದೆ. ಕಾಲುವೆ, ಹುಲಿಗೆಮ್ಮ, ಬಾಣಂತಿ ಮಗಳು, ಎಲ್ಲವೂ ಬಂತು. ಆತ ಬೆಪ್ಪಾಗಿ ಕೇಳಿಸಿಕೊಂಡು, ಮೊದಲು ಮಹಿಬೂಬನಿಗೆ ಹೋಗು ಎಂದು ಕೈ ಮಾಡಿದ. ಜುಬ್ಬಾ ಎತ್ತಿ ಹಿಡಿದು ಅವನು ಓಡಿದ ಓಟವನ್ನು ಬಂದರಿನ ಜನ ನಿಂತು ನೋಡಿದರು. ನಂತರ ಅಧಿಕಾರಿ ಬೈಯಲಿಲ್ಲ. ಹಾಜರಿಯ ಹಾಳೆಯನ್ನು ನನ್ನ ಮುಂದಿಟ್ಟು ಮೆಲ್ಲಗೆ ಹೇಳಿದ: “ನಿಮ್ಮ ಕಾಲುವೆಯಲ್ಲಿ ಈ ಗೀಟಿನ ಅರ್ಥ ಏನೋ ನನಗೆ ಗೊತ್ತಿಲ್ಲ. ಇಲ್ಲಿ ಇದರ ಅರ್ಥ, ಈ ಮನುಷ್ಯ ಸಿಕ್ಕಿದ್ದಾನೆ, ಇವನನ್ನು ಹುಡುಕಲು ಯಾರೂ ಹೋಗಬೇಡಿ ಎಂದು. ಇವತ್ತು ನಿಜವಾಗಿ ಬೆಂಕಿ ಬಿದ್ದು, ನಿನ್ನ ಗೆಳೆಯ ಕೆಳಗೆ ಇಸ್ತ್ರಿಯ ಕೋಣೆಯಲ್ಲಿ ಹೊಗೆಗೆ ಸಿಕ್ಕು ಬಿದ್ದಿದ್ದರೆ, ಅವನ ಬಾಗಿಲನ್ನು ನಿನ್ನ ಬಾಯಿ ಮುಚ್ಚಿಬಿಡುತ್ತಿತ್ತು.”

ಆ ದಿನದ ಗಾಬರಿಗಳಲ್ಲೆಲ್ಲ ನಿಜವಾದ ಗಾಬರಿ ಅದು. ಇಷ್ಟು ವರ್ಷ ನನ್ನ ಒಳ್ಳೆಯತನ ಎಂದುಕೊಂಡದ್ದು ನೀರಿನ ಮೇಲೆ ಬಂದಾಗ ಹೀಗೆ ಮುಖ ತೋರಿಸುತ್ತದೆ ಎಂದು ಯಾರಿಗೆ ಗೊತ್ತಿತ್ತು! ನನಗೆ ಎಚ್ಚರಿಕೆಯ ಪತ್ರ ಕೊಟ್ಟರು, ಎರಡು ತಿಂಗಳು ಯಾವ ಬಂದರಿನಲ್ಲೂ ಇಳಿಯಬಾರದು ಎಂದರು. ಮಹಿಬೂಬ ಮಧ್ಯಾಹ್ನ ಬಂದವನು ಮೊದಲು ಬೆನ್ನಿಗೆ ಒಂದು ಗುದ್ದು ಗುದ್ದಿದ.

“ನಾ ನಿನಗ ಕೇಳಿದ್ನೇನಲೇ, ಹೇಳಿದ್ನೇನಲೇ?”

“ತಪ್ಪಾತೋ ಮಾರಾಯಾ. ನಮಾಜು ಸಿಕ್ತಿಲ್ಲೋ?”

“ಒಳಗ ಜಾಗ ಇರಲಿಲ್ಲ, ಅಂಗಳದಾಗ ಸಿಕ್ತು. ಎಲ್ಲಾರ ಹೆಸರಿಲೆ ಕೇಳ್ಕೊಂಡೀನಿ, ನಿನ್ನ ಹೆಸರು ಮಾತ್ರ ಬಿಟ್ಟೀನಿ. ಅಲ್ಲೂ ಒಬ್ಬ ಹೆಚ್ಚಿಗೆ ಆಗಿ, ಅವರೂ ಹುಡುಕಾಕ ಶುರು ಮಾಡಿದ್ರ?”

ಈಗ ಮಹಿಬೂಬ ಊರಿಗೆ ಹೋಗಿದ್ದಾನೆ. ನಾನು ಪ್ರತಿ ಡ್ರಿಲ್‌ಗೂ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುತ್ತೇನೆ. ಬೇರೆಯವರು ‘ಎಸ್ ಸರ್’ ಅಂದರೆ ಅಧಿಕಾರಿ ತಲೆ ಎತ್ತದೆ ಗೀಟು ಎಳೆಯುತ್ತಾನೆ. ನನ್ನ ಸರದಿ ಬಂದಾಗ ಮಾತ್ರ ಹಾಳೆ ಬಿಟ್ಟು ನಡೆದು ಬರುತ್ತಾನೆ, ಟೋಪಿ ತೆಗೆಸುತ್ತಾನೆ, ಕೊರಳಿನ ಕಾರ್ಡಿನ ಫೋಟೋವನ್ನು ನನ್ನ ಮುಖದ ಪಕ್ಕ ಹಿಡಿದು ನೋಡುತ್ತಾನೆ. ಫೋಟೋ ತೆಗೆಸಿದಾಗ ನಾನು ಸಣಕಲ, ಈಗ ನನ್ನ ಅನ್ನವನ್ನೇ ಉಂಡು ಗಲ್ಲ ಬಂದಿದೆ. ಆತ ತುಟಿ ಕಚ್ಚಿಕೊಂಡು ಅನುಮಾನಿಸುತ್ತಾನೆ. “ನೀನೇನಾ?” ಎಂದು ಕೇಳುತ್ತಾನೆ. ನೂರಾರು ಜನರ ಎದುರು ನಾನೇ ಎಂದು ಎರಡೆರಡು ಸಲ ಕೂಗಿ ಹೇಳುತ್ತೇನೆ. ಕಳೆದ ವಾರ ಆತ ಇನ್ನೂ ನೋಡುತ್ತಲೇ ನಿಂತಾಗ, ನನ್ನ ಪರವಾಗಿ ಯಾರಾದರೂ ಒಬ್ಬರು ‘ಹೂಂ’ ಅನ್ನಬಾರದೇ ಎಂದು ಸಾಲನ್ನೆಲ್ಲ ಆಸೆಯಿಂದ ನೋಡಿದೆ. ಒಬ್ಬನೂ ಬಾಯಿ ಬಿಡಲಿಲ್ಲ.